ಹೆಸರಿನ ಮೇಲೆ ಹೆಸರು

ಮೈಸೂರಿನಲ್ಲಿ ಅಮ್ಮನ ಮನೆ ಇರುವ ಬೀದಿಗೆ ಒಬ್ಬ ಹಳೆಯ ಕಂಪನಿ ನಾಟಕದ ನಟರ ಹೆಸರಿದೆ. ಅದನ್ನು ತೆಗೆದು ಪುನೀತ್ ರಾಜ್‌ಕುಮಾರ್ ಹೆಸರಿಡಬೇಕು ಅಂತ ಬೀದಿಯ ಹುಡುಗರು ಪಾಲಿಕೆಗೆ ಅರ್ಜಿ ಬರೆದಿದ್ದಾರೆ. ಸಹಿ ಕೇಳಿಕೊಂಡು ನನ್ನ ಹತ್ತಿರವೂ ಬಂದರು. ನಾನು ಹಾಕಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. "ಯೋಚನೆ ಮಾಡಿ ಹೇಳ್ತೀನಪ್ಪ" ಅಂದೆ. ಅವತ್ತಿನಿಂದ ಅದೇ ಯೋಚನೆ. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ನಿದ್ದೆ ಹತ್ತುವ ಮುಂಚೆ ಅದೇ ತಲೆಯಲ್ಲಿ ಓಡುತ್ತದೆ. ಅದೊಂದು ಸಣ್ಣ ಬೀದಿ. ಆ ತುದಿಯಿಂದ ಈ ತುದಿಗೆ ಐದು ನಿಮಿಷದ ನಡಿಗೆಯೂ ಇಲ್ಲ. ಅದರ ಬೋರ್ಡಿನಲ್ಲಿ ಯಾರ ಹೆಸರಿದ್ದರೆ ಏನು ಅಂತ ಕೇಳುವವರಿದ್ದಾರೆ. ನನಗಂತೂ ಅದು ದೊಡ್ಡ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀದಿಯ ಹೆಸರನ್ನು, ಅಂದರೆ ಆ ನಟರ ಹೆಸರನ್ನು, ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಬೀದಿ ಗೊತ್ತಾಗುತ್ತದೆ. ಬೀದಿ ಗೊತ್ತಾದರೆ ಅರ್ಜಿ ಹಾಕಿದ ಹುಡುಗರು ಗೊತ್ತಾಗುತ್ತಾರೆ. ಅವರು ಒಳ್ಳೆಯ ಹುಡುಗರು. ಕೋವಿಡ್ ಸಮಯದಲ್ಲಿ ಅಮ್ಮನಿಗೆ ಹಾಲು, ಮಾತ್ರೆ ತಂದುಕೊಟ್ಟವರು ಅವರೇ. ಯಾರೋ ಗುರುತಿಲ್ಲದವರು ಅವರನ್ನು ಬೈಯುವುದು ನನಗೆ ಬೇಡ. ಅರ್ಜಿ ತೀರ್ಮಾನ ಆದ ಮೇಲೆ ಆ ನಟರ ಬಗ್ಗೆಯೇ ಹೆಸರು ಹಾಕಿ ಬರೆಯುತ್ತೇನೆ. ಸದ್ಯಕ್ಕೆ ಅವರನ್ನು ನಾವು ಮಕ್ಕಳಾಗಿದ್ದಾಗ ಕರೆಯುತ್ತಿದ್ದ ಹಾಗೇ ಕರೆಯುತ್ತೇನೆ, ಕಂಪನಿ ತಾತ ಅಂತ.

ರಾಮಮಂದಿರದಲ್ಲಿ

ವಿಷಯ ಮೊದಲು ಎದ್ದಿದ್ದು ಗಣಪತಿ ಲೆಕ್ಕ ಒಪ್ಪಿಸುವ ಸಂಜೆ. ಗಣಪತಿ ಬಿಟ್ಟ ಮೇಲೆ ಬೀದಿಯವರೆಲ್ಲ ರಾಮಮಂದಿರದಲ್ಲಿ ಸೇರುತ್ತಾರೆ. ಚಂದಾ ಎಷ್ಟು ಬಂತು, ಶಾಮಿಯಾನಕ್ಕೆ ಎಷ್ಟಾಯಿತು, ಪ್ರಸಾದಕ್ಕೆ ಎಷ್ಟಾಯಿತು ಅಂತ ಒಬ್ಬ ಓದುತ್ತಾನೆ. ಈ ಸಲ ಸ್ವಲ್ಪ ದುಡ್ಡು ಉಳಿದಿತ್ತು. ಬೀದಿಯ ಬೋರ್ಡ್ ತುಕ್ಕು ಹಿಡಿದಿದೆ, ಅಕ್ಷರ ಅರ್ಧ ಅಳಿಸಿಹೋಗಿದೆ, ಹೊಸದು ಮಾಡಿಸೋಣ ಅಂತ ಒಬ್ಬ ಹೇಳಿದ. ಎಲ್ಲರೂ ಒಪ್ಪಿದರು. ಆಗ ಹಿಂದಿನಿಂದ ಇನ್ನೊಬ್ಬ ಎದ್ದು ನಿಂತ. "ಬೋರ್ಡ್ ಹೊಸದಾದ್ರೆ ಹೆಸರೂ ಹೊಸದೇ ಇರ್ಲಿ. ಅಪ್ಪು ರಸ್ತೆ ಅಂತ ಇಡೋಣ" ಅಂದ. ಜೋರಾಗಿ ಚಪ್ಪಾಳೆ ಬಿತ್ತು. ನನ್ನ ಕೈಯೂ ಚಪ್ಪಾಳೆಗೆ ಎದ್ದಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ ಕೈ ಎತ್ತಲಿಲ್ಲ. ಅದನ್ನು ನೋಡಿ ನಾನೂ ನಿಲ್ಲಿಸಿದೆ.

"ಈಗಿರೋ ಹೆಸರು ಯಾರ್ದು, ಗೊತ್ತೇನಪ್ಪ?" ಅಂತ ಅಮ್ಮ ಕೇಳಿದರು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಫ್ರೀಡಂ ಫೈಟರ್ ಅಲ್ವಾ ಅಜ್ಜಿ?" ಅಂದ ಒಬ್ಬ. "ಇಲ್ಲ ಕಣೋ, ದೇವಸ್ಥಾನಕ್ಕೆ ಜಾಗ ಕೊಟ್ಟೋರು" ಅಂದ ಇನ್ನೊಬ್ಬ. ಅಮ್ಮ, "ನಾಟಕದೋರು. ಆ ಮೂಲೆ ಮನೇಲಿದ್ರು" ಅಂತ ಕೈ ತೋರಿಸಿದರು. ಯಾರೂ ನಗಲಿಲ್ಲ, ಯಾರೂ ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಅವರಿಗೆ ಅದು ಬರೀ ಗೊತ್ತಿಲ್ಲದ ವಿಷಯ. ಆಗ ಮುಂದಿನ ಸಾಲಿನಲ್ಲಿದ್ದ, ಬೀದಿಯಲ್ಲಿ ಎಲ್ಲರೂ ಗೌರವ ಕೊಡುವ ನಿವೃತ್ತರೊಬ್ಬರು ತಿರುಗಿ ಕೂತು ಹೇಳಿದರು: "ಕುಡೀತಿದ್ದ ಕಣ್ರೀ ಆತ. ಊರ ತುಂಬಾ ಸಾಲ. ಸಂಸಾರ ಎರಡೋ ಮೂರೋ. ಯಾಕೆ ಇಟ್ರೋ ಅವನ ಹೆಸರ್ನ. ಅಪ್ಪು ಅಂಥ ಚಿನ್ನದಂಥ ಮನುಷ್ಯನ ಹೆಸರು ಬಂದ್ರೆ ಬೀದಿಗೂ ಶೋಭೆ."

ಅಲ್ಲಿಗೆ ಮಾತು ಮುಗಿಯಿತು. ಮುಂದಿನ ವಾರ ಅರ್ಜಿ ತಯಾರಾಯಿತು.

ಹುಡುಗರ ಪ್ರೀತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29, ಶುಕ್ರವಾರ. ಅವತ್ತು ನಾನು ಕೂಡ ಟಿ.ವಿ. ಮುಂದೆ ಕೂತು ಅತ್ತವಳೇ. ಆಮೇಲೆ ತಿಂಗಳುಗಟ್ಟಲೆ ಮೈಸೂರಿನ ಆಟೋ ಸ್ಟ್ಯಾಂಡು, ಹೋಟೆಲು, ಸಲೂನು, ಹೂವಿನ ಅಂಗಡಿಗಳಲ್ಲಿ ಆ ನಗುವ ಮುಖಕ್ಕೆ ಹಾರ ಇತ್ತು. ಅವರು ಕಣ್ಣು ದಾನ ಮಾಡಿದ್ದನ್ನು ಕೇಳಿ ಎಷ್ಟು ಜನ ತಾವೂ ಹೆಸರು ಬರೆಸಿದರು, ನಮಗೆಲ್ಲ ಗೊತ್ತು. ಮೈಸೂರಿಗಂತೂ ಅವರ ಮನೆಯವರು ಹೊರಗಿನವರೇ ಅಲ್ಲ. ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ನೆಲೆ ಕೊಟ್ಟ ಶಕ್ತಿಧಾಮ ಇಲ್ಲೇ ಇದೆ. ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ಅಪ್ಪನಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. 2022ರ ಮಾರ್ಚ್‌ನಲ್ಲಿ ತೀರಿಹೋಗಿದ್ದ ಮಗನಿಗೂ ಕೊಟ್ಟಿತು. ಅಶ್ವಿನಿಯವರು ವೇದಿಕೆ ಹತ್ತಿ ಅದನ್ನು ತೆಗೆದುಕೊಂಡಿದ್ದು ನೋಡಿ ಗಂಟಲು ಕಟ್ಟಿತ್ತು.

ಅದಕ್ಕೇ ಆ ಹಾಳೆಗೆ ಸಹಿ ಹಾಕದೆ ಇರುವುದು ನನಗೆ ಸುಲಭವಾಗಿರಲಿಲ್ಲ. "ಅಕ್ಕಾ, ನೀವೂ ಅಪ್ಪು ಫ್ಯಾನ್ ಅಲ್ವಾ?" ಅಂತ ಆ ಹುಡುಗ ಕೇಳಿದಾಗ ಹೌದು ಅಂದೆ. ಪೆನ್ನು ಮಾತ್ರ ವಾಪಸ್ ಕೊಟ್ಟೆ.

ಕಂಪನಿ ತಾತ

ಎಪ್ಪತ್ತರ ದಶಕದ ಕೊನೆ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಮೂಲೆಯ ಹೆಂಚಿನ ಮನೆಯ ಜಗಲಿಯ ಮೇಲೆ ಒಬ್ಬ ತಾತ ಯಾವಾಗಲೂ ಕೂತಿರುತ್ತಿದ್ದರು. ಬಿಳಿ ಪಂಚೆ, ಬನೀನು, ಹೆಗಲ ಮೇಲೊಂದು ಟವೆಲ್. ಕೂದಲು ಕತ್ತಿನವರೆಗೆ ಬಿಟ್ಟಿದ್ದರು. ಆ ಕಾಲದಲ್ಲಿ ಅಷ್ಟು ವಯಸ್ಸಾದವರು ಹಾಗೆ ಕೂದಲು ಬಿಟ್ಟಿದ್ದನ್ನು ನಾವು ಬೇರೆಲ್ಲೂ ನೋಡಿರಲಿಲ್ಲ. ಸ್ಕೂಲಿಗೆ ಹೋಗುವಾಗ ನಮ್ಮನ್ನು ನಿಲ್ಲಿಸಿ ಪದ್ಯ ಹೇಳಿಸುತ್ತಿದ್ದರು. ಹೇಳಿದರೆ ಬಿಡುತ್ತಿರಲಿಲ್ಲ, "ಕೊನೇ ಸಾಲು ಹಿಂದಿನ ಬೆಂಚಿಗೆ ಕೇಳ್ಬೇಕು, ಇನ್ನೊಂದ್ಸಲ" ಅನ್ನುತ್ತಿದ್ದರು. ನಾವು ಗಂಟಲು ಹರಿಯುವಷ್ಟು ಕಿರುಚುತ್ತಿದ್ದೆವು. "ಕಿರುಚಬೇಡ ಮಗೂ, ಎಸಿ. ಮಾತನ್ನ ಎಸೀಬೇಕು" ಅಂತ ತೋರಿಸಿಕೊಡುತ್ತಿದ್ದರು. ಅವರು ಮೆಲ್ಲಗೆ ಆಡಿದ ಮಾತು ಬೀದಿಯ ಆ ತುದಿಯ ಹಾಲಿನ ಡಿಪೋದವರಿಗೆ ಕೇಳುತ್ತಿತ್ತು. ಮುಂದೆ ಕಾಲೇಜಿನಲ್ಲಿ ನಾನು ಭಾಷಣ ಸ್ಪರ್ಧೆಗಳಲ್ಲಿ ಮೈಕ್ ಇಲ್ಲದೆ ಮಾತಾಡಿದ್ದು ಅವರು ಕಲಿಸಿದ ಈ ಒಂದು ವಿದ್ಯೆಯಿಂದ.

ಆ ರಾತ್ರಿಯ ನೆನಪು ಇವತ್ತಿಗೂ ಮಾಸಿಲ್ಲ. ಶಿವರಾತ್ರಿ. ಬೀದಿಯವರೆಲ್ಲ ಜಾಗರಣೆಗೆ ಕೂತಿದ್ದರು. ಭಜನೆ ಆಯಿತು, ಹರಿಕಥೆಯವರು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು. ಒಂದು ಪೆಟ್ರೊಮ್ಯಾಕ್ಸ್ ಹಚ್ಚಿಟ್ಟರು. ಮಕ್ಕಳು ಅಲ್ಲಲ್ಲೇ ಮಲಗುತ್ತಿದ್ದವು. ನಮ್ಮ ಬೀದಿಯಲ್ಲಿ ಒಬ್ಬರು ಟೈಲರ್ ಇದ್ದರು. ಹರೆಯದಲ್ಲಿ ಕಂಪನಿ ನಾಟಕ ಎಲ್ಲಿ ಕ್ಯಾಂಪ್ ಹಾಕಿದರೆ ಅಲ್ಲಿಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದವರು. ಅವರು ಎದ್ದುಹೋಗಿ ತಾತನ ಮುಂದೆ ಕೈಮುಗಿದು, "ಯಜಮಾನ್ರೇ, ಚಂದ್ರಮತಿ" ಅಂದರು. ಅಷ್ಟೇ ಅಂದಿದ್ದು.

ತಾತ ಮೊದಲು ಬೇಡ ಅಂದರು. ಆಮೇಲೆ ಎದ್ದು ಪೆಟ್ರೊಮ್ಯಾಕ್ಸ್ ಮುಂದೆ ಬಂದು ಕೂತರು. ಹೆಗಲ ಮೇಲಿದ್ದ ಟವೆಲ್ ತೆಗೆದು ತಲೆಯ ಮೇಲೆ ಸೆರಗಿನ ಹಾಗೆ ಹಾಕಿಕೊಂಡರು. ಇನ್ನೊಬ್ಬರ ಟವೆಲ್ ಕೇಳಿ ತೆಗೆದುಕೊಂಡು, ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡರು. ಅದು ಸತ್ತ ಮಗ ಲೋಹಿತಾಶ್ವ. ಹರಿಶ್ಚಂದ್ರನ ಕಥೆ ಯಾರಿಗೆ ತಾನೆ ಗೊತ್ತಿಲ್ಲ? ಹಾವು ಕಚ್ಚಿ ಸತ್ತ ಮಗನನ್ನು ತಾಯಿ ಸ್ಮಶಾನಕ್ಕೆ ತಂದಿದ್ದಾಳೆ. ಸುಡುವುದಕ್ಕೆ ಕೊಡಬೇಕಾದ ಕಾಸು ಅವಳ ಹತ್ತಿರ ಇಲ್ಲ. ತಾತ ಒಂದು ಕಂದಪದ್ಯ ಹಾಡಲು ಶುರುಮಾಡಿದರು. ಹಾರ್ಮೋನಿಯಂ ಇಲ್ಲ, ತಬಲ ಇಲ್ಲ. ಹಲ್ಲು ಬಿದ್ದ ಬಾಯಿ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅಲ್ಲಿ ತಾತ ಇರಲಿಲ್ಲ. ಒಬ್ಬ ತಾಯಿ ಇದ್ದಳು. ಆ ಟವೆಲಿನ ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ನನಗೆ ಕಾಣುತ್ತಿತ್ತು. ಅವರು ಅದರ ಹಣೆಯ ಕೂದಲು ಸರಿಸಿದರು. ಅಮ್ಮ ನನ್ನನ್ನು ಎಳೆದು ಮಡಿಲಿಗೆ ಒತ್ತಿಕೊಂಡರು. ಬೀದಿಯಲ್ಲಿ ಎಲ್ಲರ ಮೇಲೂ ಕೂಗಾಡುವ ಸೋಡಾ ಅಂಗಡಿಯವರು ಗೋಡೆ ಕಡೆ ತಿರುಗಿ ನಿಂತಿದ್ದರು. ಟೈಲರ್ ಮಾಮ ಕಣ್ಣೀರು ಒರೆಸಿಕೊಳ್ಳದೆ "ಒನ್ಸ್ ಮೋರ್" ಅಂತ ಕೂಗಿದರು. ತಾತ ಇನ್ನೊಂದು ಸಲ ಹಾಡಿದರು, ಬೇರೆ ಮಟ್ಟಿನಲ್ಲಿ. ಮುಗಿದ ಮೇಲೆ ಟವೆಲ್ ಬಿಚ್ಚಿ ಕೊಡವಿ ಅದರ ಯಜಮಾನನಿಗೆ ವಾಪಸ್ ಕೊಟ್ಟರು. ಆಮೇಲೆ ಅರ್ಧ ಲೋಟ ಕಾಫಿ ಕೇಳಿದರು.

ಅವರು ಹರೆಯದಲ್ಲಿ ಸ್ತ್ರೀಪಾತ್ರಕ್ಕೆ ಹೆಸರಾಗಿದ್ದವರು ಅಂತ ಆಮೇಲೆ ತಿಳಿಯಿತು. ಆಗಿನ ಕಂಪನಿಗಳಲ್ಲಿ ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಹೆಂಗಸರು ರಂಗಕ್ಕೆ ಬರತೊಡಗಿದ ಮೇಲೆ ಅವರಿಗೆ ತಂದೆ, ಋಷಿ, ಮಂತ್ರಿಯ ಪಾತ್ರ ಬಂತು. ಸಿನಿಮಾ ಬಂದ ಮೇಲೆ ಕಂಪನಿಗಳೇ ಒಂದೊಂದಾಗಿ ಮುಚ್ಚಿದವು. ತಾತ ತೀರಿಕೊಂಡ ಮೇಲೆ ಟೈಲರ್ ಮಾಮ ಮತ್ತು ಅಂಗಡಿಯವರು ಸೇರಿ ದುಡ್ಡು ಹಾಕಿ ತಗಡಿನ ಬೋರ್ಡ್ ಬರೆಸಿದರು. ಹಳದಿ ಬಣ್ಣ, ಕಪ್ಪು ಅಕ್ಷರ. ಅಲ್ಲಿಯವರೆಗೆ ಜನ ನಮ್ಮ ಬೀದಿಯನ್ನು ಬಾವಿ ಬೀದಿ ಅನ್ನುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಮನೆ ಕಂದಾಯದ ರಸೀದಿಯಲ್ಲೂ ತಾತನ ಹೆಸರೇ ಬಂತು.

ರಾತ್ರಿ ಚಪ್ಪಾಳೆ, ಬೆಳಗ್ಗೆ ಬಾಗಿಲು ಮುಚ್ಚಿದ ಊರು

"ಅವರಿಗೆ ಯಾರೂ ಮನೆ ಬಾಡಿಗೆಗೆ ಕೊಡ್ತಿರ್ಲಿಲ್ಲ ಕಣೇ" ಅಂತ ಅಮ್ಮ ಮೊನ್ನೆ ಹೇಳಿದರು. "ಕಂಪನಿಯೋರು ಅಂದ್ರೆ ಸಾಕು, ಬಾಗಿಲು ಹಾಕ್ಕೊಳ್ಳೋರು. ಅದೇ ಜನ ರಾತ್ರಿ ಟಿಕೆಟ್ ತಗೊಂಡು ಹೋಗಿ ಕೂತ್ಕೊಳ್ಳೋರು." ಅಮ್ಮನ ಈ ಮಾತಿನ ಮೇಲೆ ನನ್ನ ಯೋಚನೆಯೆಲ್ಲ ನಿಂತಿದೆ. ಊರು ಕಲಾವಿದರಿಗೆ ಚಪ್ಪಾಳೆ ಕೊಟ್ಟಷ್ಟು ಧಾರಾಳವಾಗಿ ವಿಳಾಸ ಕೊಡಲಿಲ್ಲ. ನಮ್ಮ ಬೀದಿ ಕೊಟ್ಟಿತ್ತು. ಕೊಟ್ಟಿದ್ದನ್ನು ಈಗ ವಾಪಸ್ ಕೇಳುತ್ತಿದ್ದೇವೆ.

ಮೈಸೂರಿನ ದೊಡ್ಡ ರಸ್ತೆಗಳ ಹೆಸರು ನೋಡಿ. ದಸರಾ ಜಂಬೂಸವಾರಿ ಹೋಗುವುದು ಬರೋಡದ ಮಹಾರಾಜರ ಹೆಸರಿನ ಸಯ್ಯಾಜಿರಾವ್ ರಸ್ತೆಯಲ್ಲಿ. ವೈಸರಾಯ್ ಇರ್ವಿನ್ ಹೆಸರಿನ ರಸ್ತೆ ಇನ್ನೂ ಜನರ ಬಾಯಲ್ಲಿದೆ. ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಹೆಸರಿನ ರಸ್ತೆಯೂ ಇದೆ. ಇವುಗಳ ಬಗ್ಗೆ ನನಗೆ ತಕರಾರಿಲ್ಲ, ಅವು ಊರಿನ ಚರಿತ್ರೆ. ಆದರೆ ಇದು ನಾಟಕದ ಊರು ಕೂಡ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯೇ ನಾಟಕ ಸಭೆ ಸಾಕಿತ್ತು. ಬಸಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದದ್ದು ಇಲ್ಲೇ. ರಂಗನಟ ವರದಾಚಾರ್ ಅವರ ಹಾಡು ಕೇಳಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ಬಂದಾಗ ಅದರಲ್ಲಿ ಮುಖ್ಯ ಪಾತ್ರ ಮಾಡಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಾಟಕ ಕಂಪನಿಯಿಂದ ಹೋದವರೇ. ಇಷ್ಟು ಜನ ಬದುಕಿದ ಊರಿನಲ್ಲಿ ನಟರ, ಗಾಯಕರ ಹೆಸರಿನ ಹಳೇ ಬೀದಿಗಳನ್ನು ಹುಡುಕಿದರೆ ಎಷ್ಟು ಕಡಿಮೆ ಸಿಗುತ್ತವೆ!

ಇನ್ನೊಬ್ಬರ ಬಗ್ಗೆ ಇಲ್ಲಿ ಹೇಳಲೇಬೇಕು. ಗೌಹರ್ ಜಾನ್. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಾಕ್ಕೆ ಬಂದು ಧ್ವನಿಮುದ್ರಣ ಮಾಡಿದಾಗ ಹಾಡಿದವರು. ದೇಶದಲ್ಲಿ ಮೊಟ್ಟಮೊದಲು ಪ್ಲೇಟಿಗೆ ಹಾಡಿದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಅವರದು. ಹಾಡು ಮುಗಿದ ಮೇಲೆ ಅವರೇ ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಅಂತ ಜೋರಾಗಿ ಹೇಳುತ್ತಿದ್ದರು. ಆಗ ಪ್ಲೇಟ್ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಅಂತ ಗೊತ್ತಾಗಲಿ ಅಂತ ಹಾಗೆ ಹೇಳಿಸುತ್ತಿದ್ದರು. ಒಂದು ಕಾಲದಲ್ಲಿ ಕಲ್ಕತ್ತಾದ ಬೀದಿಗಳಲ್ಲಿ ಕುದುರೆ ಸಾರೋಟಿನಲ್ಲಿ ಓಡಾಡಿದ ಆಕೆ ಕೊನೆಗಾಲದಲ್ಲಿ ಎಲ್ಲ ಕಳೆದುಕೊಂಡು ಮೈಸೂರಿಗೆ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. ಎರಡು ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಇದೇ ಊರಿನಲ್ಲಿ ತೀರಿಕೊಂಡರು. ಅವರನ್ನು ತವಾಯಫ್ ಅಂತ ಕರೆಯುತ್ತಿದ್ದರು, ಮಹಫಿಲ್‌ಗಳಲ್ಲಿ ಹಾಡಿ ಕುಣಿಯುತ್ತಿದ್ದ ಹೆಂಗಸು. ಪ್ರತಿ ಪ್ಲೇಟಿನ ಕೊನೆಗೂ ತನ್ನ ಹೆಸರು ತಾನೇ ಹೇಳಿಕೊಂಡ ಆ ಹೆಣ್ಣುಮಗಳ ಹೆಸರಿನ ಬೋರ್ಡ್ ನಾನು ಓಡಾಡುವ ಯಾವ ಬೀದಿಯಲ್ಲೂ ಕಂಡಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ನಮ್ಮ ಬೀದಿಯ ಟೈಲರ್ ಮಾಮನ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಕುಡೀತಿದ್ದ ಅನ್ನುವ ಮಾತು

ಆ ಹಿರಿಯರು ಹೇಳಿದ್ದು ಸುಳ್ಳಲ್ಲ. ತಾತ ಕುಡಿಯುತ್ತಿದ್ದರು. ಸಾಲವಿತ್ತು. ಎರಡು ಸಂಸಾರವೂ ಇತ್ತು ಅಂತ ಅಮ್ಮನೇ ಹೇಳಿದರು. ಮೊದಲನೆಯ ಹೆಂಡತಿ ಊರಿನಲ್ಲಿ ಕಷ್ಟಪಟ್ಟಿದ್ದಾರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆ ಹೆಂಗಸಿನ ಹೆಸರು ಯಾವ ಬೋರ್ಡಿನಲ್ಲೂ ಬರಲಿಲ್ಲ ಅನ್ನುವುದೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಹಾಗಾದರೆ ಯಾವ ತಪ್ಪಿಗೆ ಹೆಸರು ತೆಗೆಯಬೇಕು? ಹೆಸರು ತೆಗೆಯಲೇಬೇಕಾದ ಸಂದರ್ಭವೂ ಇದೆ ಅಂತ ನನಗೆ ಗೊತ್ತು. ಬ್ರಿಟನ್ನಿನಲ್ಲಿ ಜಿಮ್ಮಿ ಸ್ಯಾವಿಲ್ ಅಂತ ರೇಡಿಯೊ, ಟಿ.ವಿ.ಯ ದೊಡ್ಡ ತಾರೆ ಇದ್ದ. 2011ರಲ್ಲಿ ತೀರಿಕೊಂಡಾಗ ದೇಶವೇ ಕಣ್ಣೀರು ಹಾಕಿತು. ಮರುವರ್ಷ ಅವನು ದಶಕಗಳ ಕಾಲ ಮಕ್ಕಳ ಮೇಲೆ, ಆಸ್ಪತ್ರೆಯ ರೋಗಿಗಳ ಮೇಲೆ ನಡೆಸಿದ್ದ ಲೈಂಗಿಕ ದೌರ್ಜನ್ಯ ಹೊರಬಂತು. ಸ್ಕಾರ್ಬರೋ ಅನ್ನುವ ಊರಿನಲ್ಲಿ ಅವನ ಹೆಸರಿನ ಒಂದು ಕಾಲುದಾರಿ ಇತ್ತು. ಅದರ ಬೋರ್ಡ್ ಕಿತ್ತರು. ಅಲ್ಲೇ ಇದ್ದ ಸಮಾಧಿಯ ಕಲ್ಲನ್ನು ಮನೆಯವರೇ ತೆಗೆಸಿದರು. ಸರಿಯಾದದ್ದನ್ನೇ ಮಾಡಿದರು. ಅವನ ಕೈಯಲ್ಲಿ ನೊಂದ ಒಬ್ಬ ಹುಡುಗಿ ದಿನಾ ಆ ಬೋರ್ಡ್ ದಾಟಿಕೊಂಡು ಕೆಲಸಕ್ಕೆ ಹೋಗಬೇಕು ಅಂದರೆ ಹೇಗಿರುತ್ತದೆ, ಯೋಚಿಸಿ. ನಮ್ಮ ತಾತನ ಬಗ್ಗೆ ಅಂಥದ್ದೊಂದು ಸಣ್ಣ ಮಾತು ಬಂದಿದ್ದರೂ ಆ ಅರ್ಜಿಗೆ ಮೊದಲ ಸಹಿ ನನ್ನದೇ ಇರುತ್ತಿತ್ತು.

ಇದು ಹಾಗಲ್ಲ. ಕಂಪನಿ ಮುಚ್ಚಿ ಸಂಬಳ ನಿಂತ ಮೇಲೆ ಸಾಲ ಆಯಿತು. ವರ್ಷಕ್ಕೆ ಎಂಟು ತಿಂಗಳು ಕ್ಯಾಂಪಿನಿಂದ ಕ್ಯಾಂಪಿಗೆ ಸುತ್ತುವ ಬದುಕಿನಲ್ಲಿ ಕುಡಿತ ಸೇರಿತು. ಇದರಿಂದ ನೊಂದವರು ಇದ್ದಾರೆ, ಮುಖ್ಯವಾಗಿ ಅವರ ಮನೆಯ ಹೆಂಗಸರು. ಆದರೆ ಮೊನ್ನೆ ಆ ಹಿರಿಯರು ಅದನ್ನು ಎತ್ತಿದ್ದು ಆ ಹೆಂಗಸರ ನೋವಿಗಾಗಿ ಅಂತ ನನಗೆ ಅನ್ನಿಸಲಿಲ್ಲ. ಅವರ ಧ್ವನಿಯಲ್ಲಿ ಕೇಳಿದ್ದು ಆ ಹಳೇ ಬಾಗಿಲು ಮುಚ್ಚುವ ಶಬ್ದ. ಕಂಪನಿಯವರಾ, ಬೇಡಪ್ಪ. ಒಬ್ಬ ದೊಡ್ಡ ಅಧಿಕಾರಿ ಕುಡಿಯುತ್ತಿದ್ದರು ಅಂತ ಅವರ ಹೆಸರಿನ ರಸ್ತೆ ಬದಲಾಯಿಸೋಣ ಅಂತ ನಮ್ಮಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

ಪುಟ್ಟಸ್ವಾಮಯ್ಯನವರ ಮೊಮ್ಮಗ

ಸಹಿ ಹಾಕದೆ ಬಂದ ರಾತ್ರಿ ನನಗೆ ಥಟ್ಟನೆ ಒಂದು ವಿಷಯ ಹೊಳೆಯಿತು. ಅಪ್ಪು ಯಾರ ಮೊಮ್ಮಗ? ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮೊಮ್ಮಗ. ಪುಟ್ಟಸ್ವಾಮಯ್ಯ ಯಾರು? ಕಂಪನಿ ನಾಟಕದ ನಟರು. ಕಂಸ, ರಾವಣ, ಹಿರಣ್ಯಕಶಿಪು ಪಾತ್ರಗಳಿಗೆ ಹೆಸರಾದವರು. ಬಡತನದಲ್ಲೇ ಬದುಕಿದವರು. ಮಗ ಮುತ್ತುರಾಜ ಸ್ಕೂಲು ಅರ್ಧಕ್ಕೇ ಬಿಟ್ಟು ಅಪ್ಪನ ಜೊತೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಅಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತ ಬೆಳೆದ. ಆ ಮುತ್ತುರಾಜನೇ 1954ರಲ್ಲಿ ಬೇಡರ ಕಣ್ಣಪ್ಪನಾಗಿ ತೆರೆಯ ಮೇಲೆ ಬಂದ ರಾಜ್‌ಕುಮಾರ್. ಪುಟ್ಟಸ್ವಾಮಯ್ಯನವರು ಅದನ್ನು ನೋಡಲು ಇರಲಿಲ್ಲ. ಮೂರು ವರ್ಷ ಮುಂಚೆಯೇ ತೀರಿಕೊಂಡಿದ್ದರು.

ಅಣ್ಣಾವ್ರ ಮಾತು ಎಷ್ಟು ಸ್ಪಷ್ಟ ಅಂತ ನಾವು ಈಗಲೂ ಕೊಂಡಾಡುತ್ತೇವಲ್ಲ, ಕೊನೆಯ ಅಕ್ಷರದವರೆಗೆ ಕೇಳುವ ಆ ಕನ್ನಡ? ಅದು ಮೈಕ್ ಇಲ್ಲದ ರಂಗದ ಮೇಲೆ, ಹಿಂದಿನ ಬೆಂಚಿನವರಿಗೆ ಮಾತು ಎಸೆದು ಕಲಿತದ್ದು. ನಮ್ಮ ಜಗಲಿಯ ಮೇಲೆ ತಾತ ನಮಗೆ ಹೇಳಿಕೊಡುತ್ತಿದ್ದದ್ದೂ ಅದನ್ನೇ. ಇಬ್ಬರೂ ಒಂದೇ ಗರಡಿಯವರು. ಪುಟ್ಟಸ್ವಾಮಯ್ಯನವರಿಗೆ ರಾಜ್‌ಕುಮಾರ್ ಅನ್ನುವ ಮಗ ಹುಟ್ಟಿದ, ಅದಕ್ಕೇ ಅವರ ಹೆಸರು ಉಳಿಯಿತು. ನಮ್ಮ ತಾತನಿಗೆ ಹಾಗಾಗಲಿಲ್ಲ. ಒಬ್ಬ ಕಂಪನಿ ನಟನ ಹೆಸರು ಒರೆಸಿ ಇನ್ನೊಬ್ಬ ಕಂಪನಿ ನಟನ ಮೊಮ್ಮಗನ ಹೆಸರು ಬರೆಯುವುದು ನನ್ನ ಕೈಯಲ್ಲಿ ಆಗುವುದಿಲ್ಲ. ಅಪ್ಪು ಇದ್ದಿದ್ದರೆ ಏನು ಹೇಳುತ್ತಿದ್ದರು ಅಂತ ಊಹಿಸಿ ಅವರ ಬಾಯಿಗೆ ಮಾತು ತುರುಕಲು ನನಗೆ ಇಷ್ಟವಿಲ್ಲ. ಆದರೆ ಅವರ ಮನೆಯ ಚರಿತ್ರೆ ಗೊತ್ತಿರುವ ನಮಗಾದರೂ ಇದು ಗೊತ್ತಾಗಬೇಕಲ್ವಾ?

ಅಪ್ಪು ಹೆಸರಿಗೆ ಜಾಗದ ಕೊರತೆಯೂ ಇಲ್ಲ. ಬೆಂಗಳೂರಿನಲ್ಲಿ ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯವರೆಗಿನ ರಿಂಗ್ ರಸ್ತೆ 2023ರ ಫೆಬ್ರವರಿಯಿಂದ ಅವರ ಹೆಸರಿನಲ್ಲಿದೆ. ಊರೂರಿನಲ್ಲಿ ಸರ್ಕಲ್ಲು, ಪಾರ್ಕು, ಪುತ್ಥಳಿ ಇವೆ. ಈ ಬೀದಿಯ ಬೋರ್ಡ್ ಇಲ್ಲದಿದ್ದರೆ ಅಪ್ಪುವನ್ನು ಯಾರೂ ಮರೆಯುವುದಿಲ್ಲ. ತಾತನಿಗೆ ಇರುವುದು ಇದೊಂದೇ.

ಹುಡುಗನ ಪ್ರಶ್ನೆ

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಅರ್ಜಿ ಬರೆದವನು ಅವನೇ. ಜಗಲಿ ಮೇಲೆ ಕೂತು ಪೂರ್ತಿ ಕೇಳಿದ. ಪುಟ್ಟಸ್ವಾಮಯ್ಯನವರ ವಿಷಯ ಅವನಿಗೆ ಗೊತ್ತಿತ್ತು. ಆದರೆ ಹೀಗೆ ಯೋಚಿಸಿರಲಿಲ್ಲ ಅಂದ. ಆಮೇಲೆ ಎರಡು ಪ್ರಶ್ನೆ ಕೇಳಿದ. ಎರಡೂ ಒಳ್ಳೆಯ ಪ್ರಶ್ನೆಗಳು.

"ಅಕ್ಕಾ, ಇದು ಮೊದ್ಲು ಬಾವಿ ಬೀದಿ ಆಗಿತ್ತು ಅಂತೀರಿ. ಟೈಲರ್ ತಾತ ಬದಲಾಯಿಸಿದ್ರೆ ಸರಿ, ನಾವು ಬದಲಾಯಿಸಿದ್ರೆ ತಪ್ಪಾ?"

ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬಾವಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಆ ಹೆಸರು ಹೋಗಿದ್ದರಿಂದ ಒಬ್ಬ ಮನುಷ್ಯನ ನೆನಪು ಹೋಗಲಿಲ್ಲ. ಟೈಲರ್ ಮಾಮ ಯಾರನ್ನೂ ಕೆಳಗಿಳಿಸಿ ತಾತನನ್ನು ಕೂರಿಸಲಿಲ್ಲ. ನನ್ನ ಉತ್ತರ ಇಷ್ಟೇ. ಅವನು ಅರ್ಧ ಒಪ್ಪಿದ.

ಎರಡನೆಯದು ಇನ್ನೂ ಕಷ್ಟದ್ದು. ರಿಂಗ್ ರಸ್ತೆ ಆಚೆಯ ಹೊಸ ಬಡಾವಣೆಗಳಲ್ಲಿ ಬರೀ ನಂಬರಿನ ರಸ್ತೆಗಳಿವೆ, ಅಲ್ಲಿ ಅಪ್ಪು ಹೆಸರು ಕೇಳಿ ಅಂತ ನಾನು ಹೇಳಿದ್ದೆ. "ಅಲ್ಲಿ ಸೈಟ್ ತಗೊಳ್ಳೋ ಯೋಗ್ಯತೆ ನಮಗೆಲ್ಲಿದೆ ಅಕ್ಕಾ? ನಾವು ಇರೋದು ಇಲ್ಲಿ. ನಮ್ಮ ಬೀದೀಲಿ ನಮ್ಮ ಕಾಲದೋರ ಹೆಸರು ಒಂದೂ ಬೇಡ್ವಾ? ಎಲ್ಲ ಹಳಬರದೇ ಇರ್ಬೇಕಾ?"

ಅವನು ಕೇಳಿದ್ದು ನ್ಯಾಯ. ಊರಿನ ಹಳೆಯ ಭಾಗದಲ್ಲಿ ಹುಟ್ಟಿದ ಹುಡುಗರಿಗೆ ಎಲ್ಲವೂ ಯಾರೋ ಆಗಲೇ ಬರೆದಿಟ್ಟುಬಿಟ್ಟಿದ್ದು. ಅವರ ಪ್ರೀತಿಗೂ ಒಂದು ಗೋಡೆ, ಒಂದು ಮೂಲೆ ಬೇಕು. ಅದಕ್ಕೆ ನಾನು ಬೀದಿಯ ತುದಿಯಲ್ಲಿರುವ ಪಾರ್ಕ್ ತೋರಿಸಿದೆ. ಪಾರ್ಕ್ ಅಂದರೆ ದೊಡ್ಡದೇನಲ್ಲ. ನಾಲ್ಕು ಕಲ್ಲು ಬೆಂಚು, ಒಂದು ಹೊಂಗೆ ಮರ, ಜಾರುಬಂಡೆ. ಅದಕ್ಕೆ ಯಾರ ಹೆಸರೂ ಇಲ್ಲ. ಹತ್ತು ವರ್ಷದ ಬಾಲಕನಾಗಿದ್ದಾಗಲೇ ರಾಷ್ಟ್ರಪ್ರಶಸ್ತಿ ಪಡೆದ ನಟನ ಹೆಸರು ಮಕ್ಕಳು ಆಡುವ ಜಾಗಕ್ಕೆ ಬಂದರೆ ಎಷ್ಟು ಚೆನ್ನ! ಗಣಪತಿ ಕೂರಿಸುವುದೂ ಅಲ್ಲೇ. ಅವನು "ಹುಡುಗ್ರನ್ನ ಕೇಳ್ತೀನಿ" ಅಂತ ಹೋದ.

ಪಾಲಿಕೆಯಲ್ಲಿ ಇಂಥ ವಿಷಯ ಸಲೀಸಾಗಿ ಮುಗಿಯುವುದಿಲ್ಲ. 2024ರ ಕೊನೆಯಲ್ಲಿ ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರಿಡುವ ಪ್ರಸ್ತಾವ ಬಂದಾಗ ಏನಾಯಿತು ಅಂತ ಮೈಸೂರಿನವರಿಗೆ ನೆನಪಿದೆ. ಅದಕ್ಕೆ ಆಗಲೇ ಪ್ರಿನ್ಸೆಸ್ ರಸ್ತೆ ಅನ್ನುವ ಹೆಸರಿದೆ ಅಂತ ಜನ ಹಳೆಯ ದಾಖಲೆ ಹುಡುಕಿ ತಂದರು. ಆ ಪ್ರಿನ್ಸೆಸ್ ಅಂದರೆ ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿ, ಕ್ಷಯದಿಂದ ತೀರಿಕೊಂಡವರು, ಅಲ್ಲಿಯ ಕ್ಷಯರೋಗ ಆಸ್ಪತ್ರೆಗೆ ಅವರದೇ ಹೆಸರು ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಆ ಜಗಳದಿಂದ. ರಾಜಕೀಯ ಏನೇ ಇರಲಿ, ಒಂದು ಹೆಸರಿನ ಹಿಂದೆ ಯಾರಿದ್ದಾರೆ ಅಂತ ಊರು ಕೇಳಿಕೊಂಡಿತಲ್ಲ, ಅದು ನನಗೆ ಹಿಡಿಸಿತು. ನಮ್ಮ ಸಣ್ಣ ಬೀದಿಗೂ ಅಷ್ಟು ಆಗಬೇಕು.

ಹೋದ ವಾರ ನನ್ನ ಆಕ್ಷೇಪಣೆ ಬರೆದು ಕೊಟ್ಟಿದ್ದೇನೆ. ಕೇಳಿದ್ದು ಮೂರು. ಬೀದಿಗೆ ಈಗಿರುವ ಹೆಸರೇ ಇರಲಿ. ಪಾರ್ಕಿಗೆ ಪುನೀತ್ ರಾಜ್‌ಕುಮಾರ್ ಹೆಸರಿಡಿ. ಹೊಸ ಬೋರ್ಡಿನಲ್ಲಿ ತಾತನ ಹೆಸರಿನ ಕೆಳಗೆ "ಕಂಪನಿ ನಾಟಕಗಳ ನಟರು" ಅಂತ ಒಂದು ಸಾಲು, ಅದರ ಪಕ್ಕ ಹುಟ್ಟಿದ ಮತ್ತು ತೀರಿಕೊಂಡ ವರ್ಷ ಬರೆಸಿ. ಈ ಮೂರನೆಯದು ಮೊದಲೇ ಆಗಿದ್ದಿದ್ದರೆ ರಾಮಮಂದಿರದಲ್ಲಿ ಅವತ್ತು ಯಾರೂ ಅವರನ್ನು ಫ್ರೀಡಂ ಫೈಟರ್ ಅನ್ನುತ್ತಿರಲಿಲ್ಲ. ಅಮ್ಮ ನನಗಿಂತ ಮುಂಚೆ ಸಹಿ ಹಾಕಿದರು. ಹುಡುಗರಲ್ಲಿ ಮೂವರು ಹಾಕಿದ್ದಾರೆ. ಅರ್ಜಿ ಬರೆದವನು ಇನ್ನೂ ಹಾಕಿಲ್ಲ.

ತಾತ ತೀರಿಕೊಂಡ ವರ್ಷ ಅಮ್ಮನಿಗೆ ನೆನಪಿದೆ. ಹುಟ್ಟಿದ ವರ್ಷ ಬೇಕು. ಓದುವವರಲ್ಲಿ ಯಾರ ಮನೆಯಲ್ಲಾದರೂ ನಲವತ್ತು, ಐವತ್ತರ ದಶಕದ ಕಂಪನಿ ನಾಟಕದ ಕರಪತ್ರ, ಹಾಡಿನ ಪುಸ್ತಕ, ಬಣ್ಣ ಹಚ್ಚಿದವರ ಫೋಟೊ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಮೈಸೂರು, ಮಂಡ್ಯ, ನಂಜನಗೂಡು, ತಿ. ನರಸೀಪುರದ ಕಡೆ ಹಳೇ ಟ್ರಂಕುಗಳಲ್ಲಿ ಇಂಥವು ಇನ್ನೂ ಇರುತ್ತವೆ. ನಿಮಗೆ ಖಾಸಗಿಯಾಗಿ ತಾತನ ಹೆಸರು ಹೇಳುತ್ತೇನೆ. ಪಾತ್ರವರ್ಗದಲ್ಲಿ ಚಂದ್ರಮತಿಯ ಎದುರು ಮೊದಲು ಹುಡುಕಿ.